ಉಬ್ರಾಣಿ ಏರಿನಲ್ಲಿ ಕೈಬ್ರೇಕು

ಉಬ್ರಾಣಿಯ ಆಚೆಯ ಕಾಡಿನಲ್ಲಿ ಕಡಿದ ಮರವೊಂದು ಬಂಗಾರಪ್ಪನ ತೊಡೆಯ ಮೇಲೆ ಉರುಳಿತ್ತು. ಸಂಜೆಯೊಳಗೆ ಚನ್ನಗಿರಿಯ ಆಸ್ಪತ್ರೆ ಸೇರದಿದ್ದರೆ ಅವನು ಉಳಿಯುವಂತಿರಲಿಲ್ಲ. ಹೆಂಡತಿ ಹುಲಿಗೆಮ್ಮ ಊರಿಗೆ ಓಡಿಬಂದು ಅಲ್ಲಿದ್ದ ಒಂದೇ ಲಾರಿಗೆ ಅಡ್ಡ ನಿಂತಳು. ಡ್ರೈವರ್ ಮರುಳಪ್ಪ "ಲಾರಿ ಹತ್ತು" ಎಂದ.

ಅದು ೧೯೪೩. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ಲಾರಿ ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಓಡುತ್ತಿತ್ತು ಎಂಬುದು ಮರುಳಪ್ಪನ ಮಾತು. ಏರಿನಲ್ಲಿ ಎಮ್ಮೆಗಳು ಅದನ್ನು ಹಿಂದೆ ಹಾಕುತ್ತಿದ್ದವು. ಜೊತೆಗಿದ್ದ ಗೋಣೆಪ್ಪ ಮೂವತ್ತು ವರ್ಷ ಎತ್ತಿನ ಗಾಡಿ ಹೊಡೆದು, ಈ ವರ್ಷವಷ್ಟೇ ಲಾರಿಗೆ ಬಂದವನು.

ಬಿದಿರುಮೆಳೆಗಳನ್ನು ಸೀಳಿಕೊಂಡು ಹೋದ ದಾರಿ ಮೇಲೇರಿದಂತೆ ಸಪೂರವಾಯಿತು. ಬಲಕ್ಕೆ ಕರಿಬಂಡೆ, ಎಡಕ್ಕೆ ಕಮರಿ, ಅದರಡಿಯಲ್ಲಿ ತೇಗದ ಮರಗಳ ತಲೆಗಳು ಹೆಸರುಕಾಳು ಚೆಲ್ಲಿದಂತೆ ಕಾಣುತ್ತಿದ್ದವು. ಬಂಗಾರಪ್ಪ ದಾರಿಯ ಪಕ್ಕದಲ್ಲೇ ಬಿದ್ದಿದ್ದ. ಲಾರಿ ತಿರುಗಿಸುವ ಬಯಲು ಇನ್ನೂ ಐವತ್ತು ಮಾರು ಮೇಲಿತ್ತು.

ಮರುಳಪ್ಪ ಕೈಬ್ರೇಕು ಎಳೆದು ಇಳಿದ. ಮೂವರೂ ಸೇರಿ ಗಾಯಾಳುವನ್ನು ಲಾರಿಯಲ್ಲಿ ಮಲಗಿಸಿದರು.

ಲಾರಿ ಹಿಂದಕ್ಕೆ ಜಾರಿತು.

ಹುಲಿಗೆಮ್ಮ ಕೊರಡೊಂದನ್ನು ಚಕ್ರದ ಹಿಂದಕ್ಕೆ ತಳ್ಳಿದಳು. ಕಮರಿಗೆ ಎರಡು ಗೇಣು ಇರುವಾಗ ಚಕ್ರ ನಿಂತಿತು. ಇಂಜಿನ್ನೂ ನಿಂತಿತು.

ಮುಂದಕ್ಕೆ ಏರದೆ ಗತಿಯಿಲ್ಲ. ಒಂದು ಕಾಲು ಕ್ಲಚ್ಚಿಗೆ, ಒಂದು ಗ್ಯಾಸಿಗೆ. ಬ್ರೇಕಿಗೆಂದು ದೇವರು ಮೂರನೆಯ ಕಾಲು ಕೊಟ್ಟಿಲ್ಲ. ಕೈಬ್ರೇಕು ಹಿಡಿಯಲೇಬೇಕು. ಮರುಳಪ್ಪ ಸ್ಪ್ಯಾನರು ಹಿಡಿದು ಲಾರಿಯಡಿ ತೆವಳಿದ. ಬ್ರೇಕಿನ ಡ್ರಮ್ಮನ್ನು ಅಪ್ಪಿ ಹಿಡಿಯಬೇಕಾದ ಪಟ್ಟಿಯ ಮೇಲೆ ಬೆರಳಿಟ್ಟ, ಮೂಸಿದ. ಹರಳೆಣ್ಣೆ.

"ಇದಕ್ಕೆ ಎಣ್ಣೆ ಬಿಟ್ಟೋನು ಯಾವನಲೇ?"

"ನಾನೇ," ಎಂದ ಗೋಣೆಪ್ಪ. "ಕಿರುಗುಡತಿತ್ತು. ಕಿರುಗುಟ್ಟಿದ್ದಕ್ಕೆ ಎಣ್ಣೆ ಬಿಡದೆ ಮಜ್ಜಿಗೆ ಬಿಡ್ತಾರೇನು?"

"ಇದು ನಿನ್ನ ಗಾಡಿ ಅಚ್ಚಲ್ಲ. ಇದು ಇರೋದು ಹಿಡಿಯಾಕೆ, ತಿರುಗಾಕಲ್ಲ!"

ಮರುಳಪ್ಪ ಗೋಣೆಪ್ಪನ ಎತ್ತುಗಳಿಂದ ಹಿಡಿದು ಅವನ ಅಜ್ಜನವರೆಗೆ ಬೈದ. ಗೋಣೆಪ್ಪನೂ ಕೆರಳಿದ: ತನ್ನ ಎತ್ತುಗಳು ಹಿಂದಕ್ಕೆ ಜಾರಿ ಯಾರನ್ನೂ ಕೊಂದಿರಲಿಲ್ಲವಂತೆ.

ಹುಲಿಗೆಮ್ಮ ಸೊಂಟದ ಕುಡುಗೋಲನ್ನು ಕಿತ್ತು ಚಕ್ರಕ್ಕೆ ಒಮ್ಮೆ ಬಡಿದಳು. "ಬೈದಾಡಾಕೆ ಚನ್ನಗಿರ್‍ಯಾಗೂ ಜಾಗ ಐತೆ. ಇಲ್ಲಿ ನನ್ನ ಗಂಡನ ರಕ್ತ ಸೋರ್ತೈತೆ."

ಮರುಳಪ್ಪ ಮತ್ತೆ ಸ್ಪ್ಯಾನರಿಗೆ ಕೈಹಾಕಿದ.

ಪಟ್ಟಿ ಸಡಿಲಿಸಿದರೆ ಲಾರಿಗೆ ಆ ಕೊರಡೊಂದೇ ಆಧಾರ. ಮರುಳಪ್ಪ ಸಡಿಲಿಸಿದ. ಕೊರಡು ಕಿರ್ರೆಂದಿತು. ಗೋಣೆಪ್ಪ ಕೊರಡಿಗೆ ಬೆನ್ನು ಕೊಟ್ಟು ಕೂತ, ಕಾಲಡಿಯಲ್ಲೇ ಕಮರಿ. ಹುಲಿಗೆಮ್ಮ ಲಾರಿಯ ಇದ್ದಿಲ ಒಲೆಯ ಬೂದಿ ತಂದು ಕೊಟ್ಟಳು. ಮರುಳಪ್ಪ ಗೋಣಿಚೂರಿಗೆ ಬೂದಿ ಹಚ್ಚಿ, ಪಟ್ಟಿಯ ಸಂದಿನಲ್ಲಿ ಎಳೆದಾಡಿಸಿ, ಎಣ್ಣೆ ಪೂರಾ ಹೀರುವ ತನಕ ಉಜ್ಜಿದ. ನಟ್ಟನ್ನು ಒಂದು ಸುತ್ತು ಬಿಗಿದ. ಸಾಲದು. ಮೂರನೆಯ ಸುತ್ತಿಗೆ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು.

ಗೋಣೆಪ್ಪ ಒಲೆಗೆ ಗಾಳಿಯೂದುವ ಹಿಡಿ ತಿರುವಿದ. ಇಂಜಿನ್ನು ಕೆಮ್ಮಿ ಎದ್ದಿತು. ಬ್ರೇಕು ಕಿರುಗುಟ್ಟಿ ಹಿಡಿಯಿತು. ಬಿಟ್ಟಾಗ ಲಾರಿ ಮುಂದಕ್ಕೇ ಹೋಯಿತು.

ಹೊತ್ತು ಮುಳುಗುವ ಮೊದಲೇ ಆಸ್ಪತ್ರೆ ಸಿಕ್ಕಿತು. ಕಾಲು ಉಳಿಯುವುದು ನಾಳೆಯ ಮಾತು, ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಬಂಗಾರಪ್ಪ ಕಣ್ಣು ತೆರೆದು, ದಾರಿಯ ಒಂದು ಗುಂಡಿಯನ್ನೂ ಬಿಡದೆ ಲಾರಿ ಹೊಡೆದ ದಡ್ಡ ಯಾರೆಂದು ಕೇಳಿದ. ಮರುಳಪ್ಪ ತಾನೇ ಎಂದು ಒಪ್ಪಿಕೊಂಡ.

ಹುಲಿಗೆಮ್ಮ ಆಗ ಮಾತ್ರ ನೆಲದ ಮೇಲೆ ಕೂತಳು.