ಪಾವಿಯಾನ ಸಲಾಕೆ

ನನ್ನ ತಮ್ಮ ಪಾವಿಯಾನ ಹೆಣ ಕೆರೆಯಲ್ಲಿ ಸಿಕ್ಕಿತೆಂದು ನಮ್ಮೂರು ಸಿಸಿಮಿಯುಟ್‌ನಿಂದ ಫೋನು ಬಂದಾಗ ನಾನು ಚಾರಣದ ದಾರಿಯ ಗುಡಿಸಲಿನಲ್ಲಿ ಕಾಫಿ ಕಾಯಿಸುತ್ತಿದ್ದೆ. ಹೆಪ್ಪುಗಟ್ಟಿದ ನೆಲ ಎಷ್ಟು ಆಳ ಕರಗಿದೆಯೆಂದು ಊರವರ ಪರವಾಗಿ ಪ್ರತಿ ಬೇಸಿಗೆ ನಾವಿಬ್ಬರೂ ಸಲಾಕೆ ಚುಚ್ಚಿ ನೋಡುತ್ತಿದ್ದೆವು. ನಮ್ಮಲ್ಲಿದ್ದದ್ದು ಒಂದೇ ಸಲಾಕೆ. ಹಿಂದಿನ ದಿನ ಅದನ್ನು ಹಿಡಿದು ಹೊರಟ ಪಾವಿಯಾ ಮರಳಿರಲಿಲ್ಲ.

ಫೋನು ಇಟ್ಟೊಡನೆ ಬಾಗಿಲು ಬಡಿದ ಸದ್ದಾಯಿತು. ಒಲೆ ಉರಿಯುತ್ತಿದ್ದರೂ ನನ್ನ ಉಸಿರು ಹಬೆಯಾಗಿ ಕಂಡಿತು.

“ಅಣ್ಣಾ, ತೆಗಿಯೋ. ಕಾಫಿ ಒಬ್ನೇ ಕುಡಿದು ಮುಗಿಸ್ತೀಯಾ, ಜಿಪುಣಾ?”

ಊರು ಬಿಟ್ಟು ಬೆಟ್ಟ ಸೇರಿ ದೆವ್ವವಾದವನು, ಅಂದರೆ ಕಿವಿತೊಕ್, ಕರೆದರೆ ಓಗೊಡಬೇಡವೆಂದು ಅಮ್ಮ ಹೇಳುತ್ತಿದ್ದಳು. ನಾನು ಚಿಲಕವನ್ನು ಒತ್ತಿ ಹಿಡಿದೆ.

“ಚಳಿ ಕಣೋ, ಅಣ್ಣಾ.”

ನೆನೆದರೆ ಇಂದಿಗೂ ತಲೆ ತಗ್ಗುತ್ತದೆ. ದನಿ ನಿಂತ ಮೇಲೆಯೇ ಬಾಗಿಲು ತೆರೆದೆ. ಸಲಾಕೆ ಗೋಡೆಗೆ ಒರಗಿತ್ತು. ತುದಿಯಿಂದ ಹಸಿಮಣ್ಣು ಜಾರುತ್ತಿತ್ತು. ಅದೇ ಸಲಾಕೆಯನ್ನು ಅವನ ಬಿಗಿಮುಷ್ಟಿಯಿಂದ ಬಿಡಿಸಲಾಗದೆ ಹೆಣದೊಂದಿಗೇ ಊರಿಗೆ ಒಯ್ದೆವೆಂದು ಫೋನಿನಲ್ಲಿ ಹೇಳಿದ್ದರು.

ಕರ್ತನೇ, ನಾನು ತೆರೆಯದ ಬಾಗಿಲನ್ನು ನೀನು ಅವನಿಗೆ ತೆರೆ. ಅವನಿಗೆ ಶಾಂತಿ ಕೊಡು.