ನೋಡಿದರೆ ಅದೂ ನೋಡುತ್ತದೆ

"ಒಳಗಿರೋದನ್ನ ನೋಡ್ಬೇಡಿ ಡಾಕ್ಟ್ರೇ. ನೀವು ನೋಡಿದ್ರೆ ಅದೂ ನಿಮ್ಮನ್ನ ನೋಡುತ್ತೆ."

ಹಾಗೆಂದವಳು ಕಂಬಳಿ ನೇಯುವವಳು. ಬೆಂಚಿನ ಮೇಲೆ ಮಲಗಿದ್ದ ಅವಳ ಮಗಳಿಗೆ ಪಕ್ಕೆಲುಬಿನ ಕೆಳಗೆ ಹೊಟ್ಟೆ ಮಡಕೆಯಂತೆ ಉಬ್ಬಿತ್ತು. ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬೆಟ್ಟದ ನೆತ್ತಿಯ ಆ ಊರಿನಲ್ಲಿ ಮನೆಗೊಂದು ಅಂಥ ಹೊಟ್ಟೆ. ಎಂದೋ ಸತ್ತ ಮುದುಕಿಯೊಬ್ಬಳು ಮಾಡಿಟ್ಟ ಮಾಟವಂತೆ.

ಡಾಕ್ಟರ್ ಮೂಗಿನಲ್ಲಿ ನಕ್ಕ. ಆ ನಗು ಮಾವನಿಂದ ಬಂದ ಬಳುವಳಿ. ಪಟ್ಟಣದಲ್ಲಿ ಸ್ಕ್ಯಾನಿಂಗ್ ಸೆಂಟರ್ ಇಟ್ಟಿದ್ದ ಮಾವ, ಅಳಿಯ ಬಾಯಿ ತೆರೆದರೆ ಸಾಕು, ಹೀಗೇ ನಗುತ್ತಿದ್ದರು. ಹೊರಡುವಾಗಲೂ ಅಷ್ಟೆ: "ಹುಳ ಹಿಡಿಯೋಕೆ ಬೆಟ್ಟ ಹತ್ತಬೇಕಾ ಅಳಿಯಂದ್ರೇ? ಮನೇಲೇ ಅಕ್ಕಿ ಇದೆಯಲ್ಲ!"

"ಮಾಟ ಅಲ್ಲಮ್ಮ, ಹುಳ," ಎಂದ ಡಾಕ್ಟರ್. "ಕುರಿ ಕೊಯ್ದು ಲಿವರ್ ನಾಯಿಗೆ ಎಸೀತೀರ. ಅದೇ ನಾಯಿನ ಮುದ್ದಾಡಿದ ಕೈಯಲ್ಲಿ ಉಣ್ಣುತ್ತೀರ. ಹುಳದ ಮೊಟ್ಟೆ ಒಳಗೆ ಹೋಗಿ ನೀರಿನ ಗುಳ್ಳೆ ಆಗುತ್ತೆ. ಅದಕ್ಕೊಂದು ಕಣ್ಣು ಬೇರೆ ಇಟ್ಟಿದ್ದೀರಲ್ಲ!"

"ಬೇಡ ಅಂತ ಮತ್ತೆ ಹೇಳ್ತಿದ್ದೀನಿ." ಅವಳ ದನಿ ನಡುಗಿತು. ಬಾಗಿಲಲ್ಲಿ ನೆರೆದವರೆಲ್ಲ ಅವನ ತುಟಿಯನ್ನೇ ನೋಡುತ್ತಿದ್ದರು.

"ಬೇಕಾದ್ರೆ ತಮಟೆ ಬಡ್ಕೊಂಡು ಹೇಳು!" ಅವನು ಗಹಗಹಿಸಿದ.

ಯಾರೋ ನಿಟ್ಟುಸಿರು ಬಿಟ್ಟರು.

ಅವನು ಹೊತ್ತು ತಂದಿದ್ದ ಸ್ಕ್ಯಾನಿಂಗ್ ಯಂತ್ರದ ಪರದೆ ಕಾಣಲೆಂದು ಕಿಟಕಿಗೆ ಕಂಬಳಿ ಹೊದಿಸಿದರು. ಕತ್ತಲೆಯಲ್ಲಿ ಉಣ್ಣೆಯ ಕಮಟು, ಹೊಗೆ, ಹೊರಗೆ ಜನರೇಟರಿನ ಗುಡುಗುಡು. ಹುಡುಗಿಯ ಹೊಟ್ಟೆಗೆ ಜೆಲ್ ಸವರಿ ಯಂತ್ರದ ಹಿಡಿ ಒತ್ತಿದ. ಪರದೆಯ ಮೇಲೆ ದುಂಡನೆಯ ಕಪ್ಪು.

"ನೋಡಿ, ನಿಮ್ಮ ಮಾಟಗಾತಿ."

ಜನರೇಟರ್ ನಿಂತಿತು. ಪರದೆ ಆರಲಿಲ್ಲ. ಕಪ್ಪು ತಿರುಗಿತು. ನಡುವೆ ಬೆಳ್ಳಗಿನ ಸೀಳೊಂದು ಮೂಡಿತು. ತೆರೆಯಿತು. ಹುಡುಕಿತು. ಅವನ ಮೇಲೆ ನಿಂತಿತು. ರೆಪ್ಪೆ ಬಡಿಯಿತು. ಅವನ ಬಲಪಕ್ಕೆಯೊಳಗೆ ತಣ್ಣನೆಯದೇನೋ ಜಾರಿ ಕೂತಿತು.

ಹುಡುಗಿ ಎದೆ ತುಂಬ ಉಸಿರೆಳೆದಳು. ಹೊಟ್ಟೆ ಚಪ್ಪಟೆಯಾಗಿತ್ತು. "ಅವ್ವಾ, ಹಸಿವು," ಎಂದಳು.

ಬಾಗಿಲಲ್ಲಿ ಆಗಲೇ ಸಾಲು ನಿಂತಿತ್ತು. ಕೈ ಎಳೆದುಕೊಳ್ಳಲು ನೋಡಿದ. ಬರಲಿಲ್ಲ. ಒಬ್ಬರ ಹಿಂದೊಬ್ಬರು ಬಂದು ಮಲಗಿದರು. ಹೊಟ್ಟೆಯ ಮೇಲೆ ಹೊಟ್ಟೆ. ಕಣ್ಣಿನ ಮೇಲೆ ಕಣ್ಣು.

ಕೊನೆಯವನೂ ಎದ್ದು ಹೋದ ಮೇಲೆ ನೇಯುವವಳು ನೀರು ತಂದುಕೊಟ್ಟಳು. "ತಪ್ಪು ತಿಳ್ಕೋಬೇಡಿ. ಎಚ್ಚರಿಸದೆ ದಾಟಿಸೋ ಹಾಗಿಲ್ಲ. ಕೇಳಿ ನಗೋರಿಗೇ ಅದು ದಾಟೋದು. ನೀವೆಲ್ಲಿ ನನ್ನ ಮಾತು ಕೇಳ್ಬಿಡ್ತೀರೋ ಅಂತ ಜೀವ ಬಾಯಿಗೆ ಬಂದಿತ್ತು." ಲೋಟ ಒಳಗಿಡುತ್ತಾ ತಿರುಗಿದಳು. "ನಿಮ್ಮೂರಲ್ಲಿ ನಗೋರಿಗೇನು ಬರವೇ?"

ಬೆಟ್ಟ ಇಳಿಯುವಾಗ ಅಂಗಿಯ ಗುಂಡಿ ಕೂಡುತ್ತಿರಲಿಲ್ಲ. ಕಣ್ಣೆದುರು ಒಂದೇ ಮುಖ. ಮಾವ!

ಸ್ಕ್ಯಾನಿಂಗ್ ಕೋಣೆಯ ಮಂಚದ ಮೇಲೆ ಅಂಗಿ ಬಿಚ್ಚಿ ಮಲಗಿದ. ಮಾವ ಹಿಡಿ ಎತ್ತಿಕೊಂಡರು.

"ಮಾವ, ಒಳಗಿರೋದನ್ನ ನೋಡ್ಬೇಡಿ. ನೀವು ನೋಡಿದ್ರೆ ಅದೂ ನಿಮ್ಮನ್ನ ನೋಡುತ್ತೆ."

ಆ ಮೂಗಿನ ಹೊಳ್ಳೆ ಅರಳುವುದನ್ನೇ ಕಾದ. ಮಾವ ಅವನ ಹೊಟ್ಟೆ ನೋಡಿದರು, ಮುಖ ನೋಡಿದರು. ಯಂತ್ರ ಆರಿಸಿ, ಪಕ್ಕದಲ್ಲಿ ಕೂತು, ಎಂದೂ ಇಲ್ಲದವರು ಅವನ ಹಣೆ ಸವರಿದರು.

"ಇಷ್ಟು ವರ್ಷ ನಿಮ್ಮ ಮಾತು ತಳ್ಳಿಹಾಕಿದ್ದೇ ಆಯ್ತು, ಅಳಿಯಂದ್ರೇ. ಇದೊಂದನ್ನಾದ್ರೂ ಕೇಳ್ತೀನಿ. ನೋಡಲ್ಲ."

"ನಗಿ ಮಾವ," ಎಂದ ಡಾಕ್ಟರ್. "ನಿಮ್ಮ ದಮ್ಮಯ್ಯ, ನಗಿ."