ಆಯುಧ ಪೂಜೆಯ ತಟ್ಟೆಯಲ್ಲಿದ್ದ ಕೀಲಿ

೨೦೦೫ನೇ ಇಸವಿ ಅಕ್ಟೋಬರ್ ೧೩, ಗುರುವಾರ. ಬೆಳಗ್ಗೆ ಹತ್ತೂವರೆಗೆ ದೆಹಲಿಯ ಜನಕಪುರಿ ಠಾಣೆಗೆ ದೂರು ಬಂತು. ದೂರುದಾರ ಗೋಪಿನಾಥ, ಡಿಸ್ಟ್ರಿಕ್ಟ್ ಸೆಂಟರ್ ಎಂಬ ವಾಣಿಜ್ಯ ಸಂಕೀರ್ಣದಲ್ಲಿರುವ ‘ಶ್ರುತವಾಣಿ ಸಾಫ್ಟ್‌ವೇರ್’ ಎಂಬ ಪುಟ್ಟ ಕಂಪನಿಯ ಮಾಲೀಕ. ಕಳುವಾದ ವಸ್ತು ಒಂದು ಹಸಿರು ಪ್ಲಾಸ್ಟಿಕ್ ಕೀಲಿ, ಹೆಬ್ಬೆರಳಿನಷ್ಟು ಗಾತ್ರದ್ದು.

ಹೆಡ್ ಕಾನ್‌ಸ್ಟೆಬಲ್ ರಣಬೀರ್ ಅದನ್ನು ಕೇಳಿ ನಕ್ಕೇಬಿಟ್ಟ. “ಕೀಲಿ ಹೋದರೆ ಬೀಗ ಬದಲಾಯಿಸಿ, ಭಾಯಿಸಾಬ್. ಇದಕ್ಕೂ ಎಫ್‌ಐಆರ್ ಬೇಕಾ?”

ಗೋಪಿನಾಥನಿಗೆ ನಗು ಬರಲಿಲ್ಲ. ರಣಬೀರ್ ಕಡತವನ್ನು ಇನ್‌ಸ್ಪೆಕ್ಟರ್ ಮಹಂತೇಶನ ಮೇಜಿಗೆ ತಂದು ಹಾಕಿದ. ಮಹಂತೇಶನ ತಂದೆ ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದವರು. ಮಗ ಬೆಳೆದದ್ದು ದೆಹಲಿಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ. ಠಾಣೆಯಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ. ದಕ್ಷಿಣದ ಹೆಸರು ಕಂಡರೆ ಸಾಕು, ಆ ಕೇಸು ಅವನ ತಲೆಗೇ ಕಟ್ಟಿದ ಹಾಗೆ.

“ಏನ್ರಿ ಇದು ಕೀಲಿ?” ಮಹಂತೇಶ್ ಕೇಳಿದ.

“ಡಾಂಗಲ್ ಅಂತಾರೆ ಸರ್. ನಮ್ಮ ಪ್ರೋಗ್ರಾಂ ಕಂಪ್ಯೂಟರಿನಲ್ಲಿರೋ ಕನ್ನಡನ ಬಾಯಿಬಿಟ್ಟು ಓದುತ್ತೆ. ಈ ಕೀಲಿ ಚುಚ್ಚಿದರೆ ಯಾವ ಕಂಪ್ಯೂಟರಿನಲ್ಲಾದರೂ ಓದುತ್ತೆ. ಚುಚ್ಚದೇ ಇದ್ರೆ ಮೂಕ. ಇಡೀ ಪ್ರಪಂಚದಲ್ಲಿ ಇದ್ದದ್ದೇ ಒಂದು.”

“ಇನ್ನೊಂದು ಮಾಡ್ಕೊಳ್ಳಿ.”

“ಮಾಡಬಹುದು. ಆದ್ರೆ ಪ್ರೋಗ್ರಾಂನ ಅಮೆರಿಕದ ಕಂಪನಿಗೆ ಮಾರಿದ್ದೀನಿ. ಹೊರಗಿರೋ ಎಲ್ಲ ಪ್ರತಿ ವಾಪಸ್ ತಗೊಂಡು, ಕೀಲಿ ಒಪ್ಪಿಸಿದ ಮೇಲೇ ದುಡ್ಡು ಅಂತ ಅಗ್ರಿಮೆಂಟು. ಕಳ್ಳನ ಕೈಲಿ ಕೀಲಿ ಇದ್ರೆ ನನ್ನ ಗತಿ ಏನು? ಹೋದ ಡಿಸೆಂಬರಲ್ಲಿ ಸುಗ್ರೀವಾಜ್ಞೆ ಬಂದಾಗ ಸಾಫ್ಟ್‌ವೇರಿಗೂ ಪೇಟೆಂಟ್ ಸಿಗುತ್ತೆ ಅಂತ ಕುಣಿದಾಡಿದ್ದೆ. ಮಾರ್ಚಲ್ಲಿ ಪಾರ್ಲಿಮೆಂಟು ಆ ಸಾಲನ್ನೇ ಕಿತ್ತು ಹಾಕ್ತು. ಈಗ ನಂಗೆ ಉಳಿದಿರೋದು ಕಾಪಿರೈಟು, ಅಗ್ರಿಮೆಂಟು, ಆ ಕೀಲಿ. ಹ್ಯಾಕಿಂಗ್ ಸೆಕ್ಷನ್ ಹಾಕಿ ಸರ್.”

“ಯಾರಾದ್ರೂ ಕಂಪ್ಯೂಟರಿನೊಳಗೆ ನುಗ್ಗಿದ್ದಾರಾ?”

“ಇಲ್ಲ.”

“ಮತ್ತೆ? ಕೀಲಿ ಎಲ್ಲಿತ್ತು?”

ಗೋಪಿನಾಥ ಸ್ವಲ್ಪ ಮುಜುಗರಪಟ್ಟ. “ಪೂಜೆ ತಟ್ಟೆಯಲ್ಲಿ.”

ಐಪಿಸಿ ಕಲಂ ೩೮೦ ಮತ್ತು ಕಾಪಿರೈಟ್ ಕಾಯ್ದೆಯ ೬೩-ಬಿ ಅನ್ವಯ ಎಫ್‌ಐಆರ್ ದಾಖಲಾಯಿತು. ಈ ಕಾಯ್ದೆಗಳನ್ನು ಬರೆದವರು ಎಂದೂ ಠಾಣೆಯ ಮೇಜಿನ ಮುಂದೆ ಕೂತವರಲ್ಲ ಎಂಬುದು ಮಹಂತೇಶನ ಗಟ್ಟಿ ಅಭಿಪ್ರಾಯ. ಕಳುವಾದದ್ದು ಪ್ಲಾಸ್ಟಿಕ್ಕೋ, ಅದರಿಂದ ಹೊರಡುವ ಮಾತೋ ಎಂದು ಕೇಳಿದರೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಸುಮ್ಮನೆ ತಲೆ ಕೆಡಿಸಿಕೊಳ್ಳುವುದು ಬೇಡವೆಂದು ಅವನು ಜೀಪು ಹತ್ತಿದ.

ಆಫೀಸು ಮೂರನೇ ಮಹಡಿಯಲ್ಲಿತ್ತು. ಬಾಗಿಲು, ಕಿಟಕಿ, ಬೀಗ ಎಲ್ಲವೂ ನೆಟ್ಟಗಿದ್ದವು. ಮಂಗಳವಾರ ಆಯುಧ ಪೂಜೆ. ಕಂಪ್ಯೂಟರುಗಳಿಗೆ ಹಚ್ಚಿದ ಕುಂಕುಮ ಇನ್ನೂ ಹಾಗೆಯೇ ಇತ್ತು. ದೇವಿಯ ಪಟದ ಮುಂದೆ ಸ್ಟೀಲಿನ ತಟ್ಟೆ, ಅದರಲ್ಲಿ ಸ್ಕ್ರೂಡ್ರೈವರು, ಇಕ್ಕಳ, ಸಿ.ಡಿ.ಗಳು, ಬಾಡಿದ ಚೆಂಡುಹೂವು.

“ಸರ್‌ಜಿ, ಲಕ್ಷಗಟ್ಟಲೆ ಬೆಲೆಯ ಮಾಲನ್ನು ತಿಜೋರಿಯಿಂದ ತೆಗೆದು ತಟ್ಟೆಯಲ್ಲಿ ಬಿಟ್ಟು ಮನೆಗೆ ಹೋಗಿದ್ದಾರಾ?” ರಣಬೀರನಿಗೆ ನಂಬಲಾಗಲಿಲ್ಲ.

“ನಮ್ಮಲ್ಲಿ ಹಂಗೇ. ಹೊಟ್ಟೆ ಹೊರೆಯೋ ಆಯುಧ ಯಾವುದೋ ಅದನ್ನ ಪೂಜೆಗಿಡಬೇಕು. ವಿಜಯದಶಮಿ ಕಳಿಯೋವರೆಗೂ ಮುಟ್ಟೋ ಹಾಗಿಲ್ಲ,” ಎಂದ ಮಹಂತೇಶ್.

ವರ್ಷದಲ್ಲಿ ಆ ಒಂದು ದಿನ ಬಿಟ್ಟರೆ ಕೀಲಿ ತಿಜೋರಿಯಿಂದ ಹೊರಗೆ ಬರುವುದಿಲ್ಲ. ಬುಧವಾರ ರಜೆ, ಗುರುವಾರ ಬೆಳಗ್ಗೆ ಗೋಪಿನಾಥ ಹೂವು ಸರಿಸಿ ನೋಡಿದರೆ ಕೀಲಿ ಇಲ್ಲ. ಇದು ಈ ಪದ್ಧತಿ ಗೊತ್ತಿದ್ದವರದೇ ಕೆಲಸ.

ಸ್ಥಳ ಪಂಚನಾಮೆ ಬರೆಸುತ್ತ ಮಹಂತೇಶ್ ತಟ್ಟೆಯ ಮೇಲೆ ಬಗ್ಗಿದ. ಕೀಲಿ ಇದ್ದ ಜಾಗದಲ್ಲಿ, ಹೂವಿನ ಅಡಿಯಲ್ಲಿ, ಎರಡು ವೀಳ್ಯದೆಲೆ, ಒಂದು ಬಟ್ಟಲಡಿಕೆ, ಒಂದು ಅರಿಶಿನದ ಕೊಂಬು ಇದ್ದವು. ಮೇಲೆ ನಾಲ್ಕು ಕಾಳು ಅಕ್ಷತೆ.

“ಈ ತಾಂಬೂಲ ನೀವಿಟ್ಟದ್ದಾ?”

“ಇಲ್ಲವಲ್ಲ! ನಮ್ಮದು ದೇವಿ ಪಟದ ಮುಂದಿದೆ, ನೋಡಿ,” ಎಂದ ಗೋಪಿನಾಥ. “ಇದು... ಹೋಗುವಾಗ ಮುತ್ತೈದೆಯರಿಗೆ ಕೊಟ್ಟದ್ದರ ಥರ ಇದೆ.”

ಕದಿಯುವವರು ಬಾಚಿಕೊಂಡು ಓಡುತ್ತಾರೆ. ಪೂಜೆಗಿಟ್ಟದ್ದನ್ನು ತೆಗೆದ ಜಾಗ ಖಾಲಿ ಬಿಡಬಾರದೆಂದು ತನಗೆ ಕೊಟ್ಟ ತಾಂಬೂಲವನ್ನೇ ಇಟ್ಟು ಅಕ್ಷತೆ ಹಾಕುವ ಕಳ್ಳರನ್ನು ಮಹಂತೇಶ್ ಇದುವರೆಗೆ ಕಂಡಿರಲಿಲ್ಲ.

“ಎಷ್ಟು ಜನಕ್ಕೆ ಕೊಟ್ರಿ?”

ನಡುವೆ ಬಾಯಿ ಹಾಕಿದವಳು ಕಂಪನಿಯ ಇಂಜಿನಿಯರ್ ಅಮಿತಾ. “ಇಬ್ಬರಿಗೇ ಸರ್. ನನಗೆ, ಪಂಕಜಾ ಆಂಟಿಗೆ. ನಂದು ಡ್ರಾದಲ್ಲೇ ಇದೆ.” ಅವಳು ತೆಗೆದು ತೋರಿಸಿದಳು.

“ಪಂಕಜಾ ಯಾರು?”

ಗೋಪಿನಾಥ ಅಮಿತಾಳನ್ನು ದುರುಗುಟ್ಟಿ ನೋಡಿದ. ಆದರೆ ಮಾತು ಹೊರಗೆ ಬಿದ್ದಾಗಿತ್ತು.

“ನಮ್ಮ ಪ್ರೋಗ್ರಾಂ ಮಾತಾಡೋದು ಆಂಟಿ ಧ್ವನಿಯಲ್ಲೇ ಸರ್. ಕಿದ್ವಾಯಿ ನಗರದಲ್ಲಿದ್ದಾರೆ, ಮಿನಿಸ್ಟ್ರಿಯಲ್ಲಿ ಕೆಲಸ. ಎರಡು ವರ್ಷದ ಹಿಂದೆ ಬೇಸಿಗೆಯಿಡೀ ಇಲ್ಲಿ ಕೂತು ಓದಿದ್ರು. ಅದನ್ನ ಚೂರುಚೂರು ಮಾಡಿ ಜೋಡಿಸಿದ್ದೀವಿ. ಪೂಜೆ ದಿನ ಆರತಿ ಹಾಡು ಯಾವಾಗಲೂ ಅವರದೇ. ಈ ಸಲ ಯಾರೂ ಹಾಡಲಿಲ್ಲ.”

“ಯಾಕೆ?”

“ಗಂಟಲಲ್ಲಿ ಕ್ಯಾನ್ಸರ್ ಆಗಿತ್ತು ಸರ್. ಫೆಬ್ರವರಿಯಲ್ಲಿ ಧ್ವನಿಪೆಟ್ಟಿಗೆ ತೆಗೆದುಬಿಟ್ರು. ಪಾಪ, ಮಾತೇ ಇಲ್ಲ.”

ಕೊನೆಗೆ ಗೋಪಿನಾಥನೇ ಬಾಯಿಬಿಟ್ಟ. ಆಪರೇಷನ್ ಆದ ಮೇಲೆ ಮನೆಯಲ್ಲಿ ಬಳಸಲು ಪಂಕಜಾಗೆ, ಕೀಲಿ ಇಲ್ಲದೆಯೂ ಕೆಲವು ತಿಂಗಳು ಓದುವಂತೆ ಮಾಡಿದ, ಪ್ರೋಗ್ರಾಮಿನ ಒಂದು ಪ್ರತಿ ಕೊಟ್ಟಿದ್ದ. ಅದರ ಅವಧಿ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಮುಂದುವರಿಸಿ ಎಂದು ಆಕೆ ಎರಡು ಸಲ ಬಂದು ಕೈಮುಗಿದಿದ್ದರು.

“ಮುಂದುವರಿಸಬಹುದಿತ್ತಲ್ರೀ.”

“ಅಮೆರಿಕದವರು ಒಪ್ಪಲಿಲ್ಲ ಸರ್. ನಂಗೂ ಬೇಜಾರಾಯ್ತು. ಆದ್ರೆ ಆರು ತಿಂಗಳಿಂದ ಸಂಬಳ ಕೊಟ್ಟಿಲ್ಲ, ಇವಳನ್ನೇ ಕೇಳಿ.”

ಅಮಿತಾ ತಲೆ ತಗ್ಗಿಸಿದಳು. ಇವನನ್ನು ಬೈದುಬಿಡೋಣವೆನಿಸಿದರೂ ಮಹಂತೇಶ್ ಪಂಕಜಾರ ವಿಳಾಸ ಬರೆದುಕೊಂಡು ಹೊರಟ.

ಮರುದಿನ, ಶುಕ್ರವಾರ ಮಧ್ಯಾಹ್ನ, ಅವನು ರಣಬೀರ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ಸುನೀತಾಳೊಂದಿಗೆ ಕಿದ್ವಾಯಿ ನಗರಕ್ಕೆ ಹೋದ. ಹಳದಿ ಬಣ್ಣದ ಸರ್ಕಾರಿ ಕ್ವಾರ್ಟರ್ಸು, ಬಾಗಿಲ ಮುಂದೆ ರಂಗೋಲಿ. ತಾನು ಇಂಥದೇ ಮನೆಯಲ್ಲಿ ಬೆಳೆದವನೆಂದು ಅವನಿಗೆ ಸುಮ್ಮನೆ ಸಂಕಟವಾಯಿತು. ಬಾಗಿಲು ತಟ್ಟಿದ.

ಒಳಗಿನಿಂದ ಹೆಂಗಸಿನ ಧ್ವನಿ ಬಂತು. ತಿಳಿಯಾದ, ತುಸು ನಿಧಾನದ ಕನ್ನಡ. “ಬಾಗಿಲು ತೆಗೆದೇ ಇದೆ. ಬನ್ನಿ.”

“ಸರ್‌ಜಿ, ಮಾತೇ ಇಲ್ಲ ಅಂದ್ರಲ್ಲ?” ರಣಬೀರ್ ಪಿಸುಗುಟ್ಟಿದ.

ಮಹಂತೇಶ್ ಬಾಗಿಲು ತಳ್ಳಿದ. ಕೇಸು ಅಲ್ಲಿಗೆ ಮುಗಿದಿತ್ತು.

ಕಂಪ್ಯೂಟರಿನ ಮುಂದೆ ಐವತ್ತರ ಆಸುಪಾಸಿನ ಹೆಂಗಸು ಕೂತಿದ್ದರು, ಕೊರಳಿಗೆ ಹತ್ತಿಯ ದುಪಟ್ಟಾ ಸುತ್ತಿಕೊಂಡು. ಪಕ್ಕದಲ್ಲಿ ಮಗಳು ಸ್ಫೂರ್ತಿ, ಕಾಲೇಜಿಗೆ ಹೋಗುವ ಹುಡುಗಿ. ಕಂಪ್ಯೂಟರಿನ ಹಿಂಬದಿಯಲ್ಲಿ ಹಸಿರು ಕೀಲಿ ಇತ್ತು. ಅದರ ಮೇಲಿನ ಕುಂಕುಮವನ್ನೂ ಒರೆಸಿರಲಿಲ್ಲ.

“ಪಂಕಜಾ ಅವರೇ, ನಾನು ಜನಕಪುರಿ ಠಾಣೆಯಿಂದ ಬಂದಿದ್ದೀನಿ.”

ಆಕೆಯ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಸ್ಪೀಕರು ಹೇಳಿತು, “ಗೊತ್ತು. ಕೂತ್ಕೊಳ್ಳಿ.”

“ಕೀಲಿ ನೀವೇ ತಗೊಂಡ್ರಾ?”

“ಹೌದು. ಎಲ್ಲರೂ ಊಟಕ್ಕೆ ಕೂತಾಗ.”

“ಬೇರೆ ಯಾರಿಗಾದ್ರೂ ಗೊತ್ತಿತ್ತಾ?”

“ಇಲ್ಲ. ಮನೆಯವರು ಆಫೀಸಿನಲ್ಲಿದ್ದಾರೆ. ಅವರಿಗೂ, ಇವಳಿಗೂ ಗೋಪಿನಾಥನೇ ಕೊಟ್ಟ ಅಂದಿದ್ದೆ.”

ಸ್ಫೂರ್ತಿ ಗಕ್ಕನೆ ತಾಯಿಯ ಕಡೆ ತಿರುಗಿದಳು. “ಮಮ್ಮಿ! ಯೇ ಕ್ಯಾ ಹೈ? ಚೋರಿ?”

ಪಂಕಜಾ ಮಗಳನ್ನು ನೋಡಲಿಲ್ಲ.

“ಧ್ವನಿ ಕೊಡುವಾಗ ಗೋಪಿನಾಥರ ಅಗ್ರಿಮೆಂಟಿಗೆ ಸಹಿ ಮಾಡಿದ್ದೀರಿ ಅಮ್ಮ. ಧ್ವನಿಯ ಸಕಲ ಹಕ್ಕೂ ಕಂಪನಿಯದು ಅಂತ ಬರೆದಿದೆ,” ಎಂದ ಮಹಂತೇಶ್.

“ಆಗ ಗಂಟಲಿತ್ತು.”

ಮಹಂತೇಶ್ ಮುಂದಿನ ಪ್ರಶ್ನೆ ಕೇಳಿದ. “ಕಾಗದದ ಮೇಲೆ ಬರೆದು ತೋರಿಸಬಹುದಿತ್ತಲ್ಲ?”

“ಇವಳಿಗೆ ಕನ್ನಡ ಓದೋಕೆ ಬರಲ್ಲ. ನನ್ನದೇ ತಪ್ಪು, ಕಲಿಸಲಿಲ್ಲ. ಇವಳಿಗೆ ಕನ್ನಡ ಅಂದ್ರೆ ನನ್ನ ಬಾಯಿ. ಅವಧಿ ಮುಗಿದ ಮೇಲೆ ಹತ್ತು ದಿನ ಈ ಮನೆಯಲ್ಲಿ ಟಿವಿ ಒಂದೇ ಮಾತಾಡಿತು. ಹಿಂದಿಯಲ್ಲಿ ಬರೆದು ಕೊಟ್ಟರೆ ಇವಳು ಓದಿ, ಓಕೆ ಅಂತ ಎದ್ದು ಹೋಗೋಳು.” ಬೆರಳುಗಳು ಕ್ಷಣ ನಿಂತು ಮತ್ತೆ ಓಡಿದವು. “ಪ್ರೋಗ್ರಾಂ ಬರೆದದ್ದು ಗೋಪಿನಾಥ. ಅದು ಅವನದು, ನಾನು ಇಲ್ಲ ಅನ್ನಲ್ಲ. ನನ್ನ ಉಸಿರು ಹೆಂಗೆ ಅವನದಾಯಿತು? ನಿಮ್ಮ ಕಾನೂನು ಓದಿದವರನ್ನ ಕೇಳಿ ಹೇಳಿ.”

ಮಹಂತೇಶ್ ನೆರೆಮನೆಯ ಇಬ್ಬರನ್ನು ಪಂಚರಾಗಿ ಕರೆಸಿದ. ರಣಬೀರ್ ಸೀಲು ಹಾಕಲು ಅರಗು, ಮೇಣದಬತ್ತಿ, ಬಿಳಿ ಬಟ್ಟೆ ತೆಗೆದಿಟ್ಟ. ಅವನ ಮುಖದಲ್ಲೂ ಈಗ ನಗುವಿರಲಿಲ್ಲ.

“ಕೀಲಿ ತೆಗೀಬೇಕು ಅಮ್ಮ. ಅದಕ್ಕೆ ಮುಂಚೆ ಏನಾದ್ರೂ ಹೇಳೋದಿದ್ರೆ ಹೇಳಿ.”

ಪಂಕಜಾ ತುಸು ಯೋಚಿಸಿ ಟೈಪ್ ಮಾಡಿದರು. ಸ್ಪೀಕರು ಅದೇ ತಿಳಿಯಾದ ಧ್ವನಿಯಲ್ಲಿ ಹೇಳಿತು, “ಸ್ಫೂರ್ತಿ, ಹಾಲು ಕಾಯಿಸಿಡು. ಅಪ್ಪ ಬಂದ ತಕ್ಷಣ ಹೇಳಬೇಡ, ಕಾಫಿ ಕುಡಿದ ಮೇಲೆ ಹೇಳು. ಹೆದರಬೇಡ ಪುಟ್ಟಾ.”

ಮಹಂತೇಶ್ ಕೀಲಿ ಎಳೆದ. ಸ್ಫೂರ್ತಿ ತಾಯಿಯ ತೋಳು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಪಂಕಜಾರ ತುಟಿಗಳು ಏನೋ ಹೇಳಿದವು, ಆದರೆ ಬರೀ ಗಾಳಿ ಬಂತು. ಸಂಜೆ ನಾಲ್ಕೂಕಾಲಿಗೆ ಬಂಧನ ಎಂದು ಬರೆದು ಅವರಿಂದ ಸಹಿ ಹಾಕಿಸಿಕೊಳ್ಳಲಾಯಿತು.

ಶನಿವಾರ ತೀಸ್ ಹಜಾರಿ ಕೋರ್ಟು. ಮ್ಯಾಜಿಸ್ಟ್ರೇಟರು ತಲೆಯೆತ್ತದೆ, ಹೇಳುವುದೇನಾದರೂ ಇದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಉತ್ತರವಿಲ್ಲ. ಜೋರಾಗಿ ಹೇಳಿ ಎಂದರು.

ಮಹಂತೇಶ್ ಮುಂದೆ ಬಂದು, ಆರೋಪಿ ಮಾತನಾಡುವುದು ಜಪ್ತಿಯಾದ ವಸ್ತುವಿನಿಂದಲೇ, ಅದು ಸೀಲಾಗಿ ಠಾಣೆಯ ಮಾಲ್‌ಖಾನೆಯಲ್ಲಿದೆ ಎಂದು ವಿವರಿಸಿದ. ಮ್ಯಾಜಿಸ್ಟ್ರೇಟರು ಆಗ ತಲೆಯೆತ್ತಿ ಆ ಹೆಂಗಸನ್ನು ತುಂಬ ಹೊತ್ತು ನೋಡಿದರು. ಜಾಮೀನು ಕೊಟ್ಟರು. ಅವರ ಅಧಿಕಾರ ಅಷ್ಟೇ.

ಕೀಲಿಯನ್ನು ಪಂಕಜಾರಿಗೆ ಬಿಟ್ಟುಕೊಡುವ ದಾರಿ ಇದೆಯೇ ಎಂದು ಮಹಂತೇಶ್ ಸರ್ಕಾರಿ ವಕೀಲರನ್ನು ಕೇಳಿದ. ಜಪ್ತಿಯಾದ ವಸ್ತುವನ್ನು ಕೋರ್ಟು ಸುಪರ್ದಾರಿಗೆ ಕೊಡುತ್ತದೆ, ಅಂದರೆ ಮಾಲೀಕನ ವಶಕ್ಕೆ. ಮಾಲೀಕ ಯಾರೆಂದು ಅಗ್ರಿಮೆಂಟೇ ಹೇಳುತ್ತದಲ್ಲ ಎಂದರು ಅವರು. ದೀಪಾವಳಿ ಕಳೆದ ಮೇಲೆ ಗೋಪಿನಾಥ ಬಂದು ಸಹಿ ಹಾಕಿ ಕೀಲಿ ತೆಗೆದುಕೊಂಡು ಹೋದ. ಠಾಣೆಯ ಮೆಟ್ಟಿಲ ಮೇಲೆ ನಿಂತು ಕರವಸ್ತ್ರದಿಂದ ಅದರ ಕುಂಕುಮ ಒರೆಸಿದ.

ಆರೋಪಪಟ್ಟಿಯಲ್ಲಿ ಉದ್ದೇಶದ ಮುಂದೆ ಮಹಂತೇಶ್ ‘ಸ್ವಂತ ಬಳಕೆಗಾಗಿ’ ಎಂದು ಬರೆದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಬ್ಬ ತಾಯಿ ಮಗಳ ಹತ್ತಿರ ಕನ್ನಡ ಮಾತಾಡಬೇಕೆಂದು ಕಳ್ಳಿಯಾದಳು ಎಂದು ಬರೆದಿದ್ದರೆ ಮೇಲಿನವರು ಕಡತ ವಾಪಸು ಕಳಿಸುತ್ತಿದ್ದರು.

ಮರುವರ್ಷದ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವನು ಹುಬ್ಬಳ್ಳಿಯಲ್ಲಿ ಶಾಲಾ ಟೀಚರಾಗಿರುವ ಅಕ್ಕನಿಗೆ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಆಮೇಲೆ ಹೆಂಗಸಿನ ಧ್ವನಿ, ತಿಳಿಯಾದ, ತುಸು ನಿಧಾನದ ಕನ್ನಡ. “ನೀವು ಕರೆ ಮಾಡಿರುವ ಚಂದಾದಾರರು ಉತ್ತರಿಸುತ್ತಿಲ್ಲ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.”

ಅಮೆರಿಕದವರು ಪಂಕಜಾರ ಧ್ವನಿಯನ್ನು ಯಾವುದೋ ಫೋನ್ ಕಂಪನಿಗೆ ಮಾರಿದ್ದರು. ಅವನು ಇನ್ನೊಮ್ಮೆ ಮಾಡಿದ, ಮತ್ತೊಮ್ಮೆ ಮಾಡಿದ. ಕಡತ ತೆಗೆದು ಕಿದ್ವಾಯಿ ನಗರದ ನಂಬರು ಹುಡುಕಿದ.

“ಸ್ಫೂರ್ತಿ, ಇನ್‌ಸ್ಪೆಕ್ಟರ್ ಅಂಕಲ್ ಮಾತಾಡ್ತಿರೋದು. ಒಂದು ನಂಬರ್ ಬರ್ಕೋಮ್ಮ.”

“ಕಿಸ್ಕಾ ನಂಬರ್, ಅಂಕಲ್?”

“ನಮ್ಮ ಅಕ್ಕಂದು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾಡು. ಆಗ ಅವಳಿಗೆ ಕ್ಲಾಸು, ಫೋನ್ ಎತ್ತೋದಿಲ್ಲ.”

“ಎತ್ತೋದಿಲ್ಲ ಅಂದ್ರೆ ಯಾಕೆ ಮಾಡ್ಲಿ?”

“ಮಾಡಿ ನೋಡಮ್ಮ,” ಎಂದು ಅವನು ಫೋನಿಟ್ಟ.